ಗೌಡರ ಹುಡ್ಡಿಲ್ಲದ ಕಾರು

ಗೆಳೆಯರೇ, ಹಳೆ ಕಾರು ಕೊಳ್ಳುವ ಮೊದಲು ಅದರ ಕೆಳಗೆ ಮಲಗಿ ತುಕ್ಕು ನೋಡಬೇಕು. ಇವತ್ತು ಸಿಂದಗಿಯಲ್ಲಿ ನಾನು ಅದನ್ನೇ ಮಾಡಿದೆ. ಆದರೆ ಗೌಡರ ಮನೆಯಲ್ಲಿ ಅವರ ಹೆಂಡತಿ ಗೌಡಶ್ಯಾನಿಯವರು ಬಡಿಸಿದ ಹೋಳಿಗೆ ಉಂಡ ಮೇಲೆ ಮಾಡಿದೆ. ಉಣ್ಣದೆ ಕಾರು ಮುಟ್ಟಲು ಅವರು ಬಿಡಲಿಲ್ಲ.

ಬಿಳಿ ಸಾಹೇಬನೊಬ್ಬ ದೇಶ ಬಿಡುವಾಗ ಗೌಡರಿಗೆ ಮಾರಿದ ಕಾರು ಅದು. ಎರಡೇ ಸೀಟು, ಮೇಲಿನ ಬಟ್ಟೆಯ ಹುಡ್ಡು ಪೂರ್ತಿ ಹರಿದಿದೆ. ಮಳೆ ಬಂದರೆ ಏನು ಮಾಡುವುದೆಂದು ಕೇಳಿದೆ.

"ನಮ್ಮ ಕಡೆ ಮಳಿ ಬಂದ್ರ ಯಾರರ ಒಳಗ ಕುಂದರ್ತಾರೇನ್ರಿ? ಹೊರಗ ಬಂದು ನೆನೀತಾರ," ಎಂದರು ಗೌಡರು.

ಕೊಳ್ಳಲು ಬಂದಿದ್ದ ನನ್ನ ಭಾವ ಹೌದೆಂದು ತಲೆಯಾಡಿಸಿದರು. ನಾನು ಕಾರಿನ ಕೆಳಗೆ ಮಲಗಿದೆ. ಗೌಡರು ಮೇಲೆ ಸ್ಟೇರಿಂಗ್ ಹಿಡಿದು ಕೂತಿದ್ದರು.

"ಏನ್ ಕಾಣಾಕತ್ತೈತ್ರಿ?"

"ನಿಮ್ಮ ಪಾದ ಕಾಣಾಕತ್ತಾವ್ರಿ."

"ಹಂಗಾದ್ರ ನಮಸ್ಕಾರ ಮಾಡಿ ಎದ್ದು ಬರ್ರಿ."

ಎದ್ದು ಬಂದು, ತಳವೆಲ್ಲ ತುಕ್ಕು ತಿಂದಿದೆ, ಬೇಡ ಅನ್ನಿ ಎಂದು ಭಾವನ ಕಿವಿಯಲ್ಲಿ ಹೇಳಿದೆ.

"ಈಗ ಹ್ಯಾಂಗ ಬ್ಯಾಡ ಅನ್ನೂದೋ? ಗೌಡಶ್ಯಾನಿಯವರು ಒಲ್ಲೆ ಅಂದ್ರೂ ಮತ್ತೊಂದು ಹೋಳಿಗಿ ನೀಡ್ಯಾರ."

ಕಾರು ಈಗ ನಮ್ಮ ಮನೆ ಮುಂದೆ ನಿಂತಿದೆ. ಹಳೆ ಕಾರು ನೋಡಲು ಹೋಗುವವರು ದಯವಿಟ್ಟು ಮನೆಯಲ್ಲೇ ಉಂಡು ಹೋಗಿ.