ಗುರುತಿನ ಚಿಹ್ನೆಗೆ ಎರಡೇ ಸಾಲು

ನಮ್ಮ ಹೆಡ್ ವಾರ್ಡರರ ಗದ್ದದ ಮೇಲೆ ಬೆರಳುದ್ದದ ಗಾಯದ ಕಲೆಯೊಂದಿತ್ತು. ಸಿಟ್ಟು ಬಂದರೆ ಅದು ಬೆಳ್ಳಗಾಗುತ್ತಿತ್ತು. ಹೆಚ್ಚಾಗಿ ಅದು ಬೆಳ್ಳಗಾದದ್ದು ನನ್ನಿಂದಲೇ. ನನ್ನ ತಲೆ ಕೆಡುತ್ತಿದ್ದದ್ದೂ ಅವರಿಂದಲೇ.

1997ರಲ್ಲಿ ನಾನು ಆ ಸಣ್ಣ ಜೈಲಿಗೆ ಗುಮಾಸ್ತನಾಗಿ ಸೇರಿದೆ. ಹೊಸ ಕೈದಿ ಬಂದರೆ ಒಂದು ಹಾಳೆ ತುಂಬಬೇಕು: ಹೆಸರು, ಊರು, ವೃತ್ತಿ, ಗುರುತಿನ ಚಿಹ್ನೆ. ಕೊನೆಗೆ ಅವನನ್ನು ಎಲ್ಲಿಡಬೇಕು, ಯಾವ ಕೆಲಸಕ್ಕೆ ಹಾಕಬಹುದು ಎಂಬ ಷರಾ. ಶಿಕ್ಷೆಯಾಗಿ ದೊಡ್ಡ ಜೈಲಿಗೆ ಹೋದರೆ ಹಾಳೆಯೂ ಜೊತೆಗೆ ಹೋಗುತ್ತದೆ. ಅಲ್ಲಿಯವರು ಮನುಷ್ಯನಿಗಿಂತ ಮೊದಲು ಅದನ್ನೇ ನೋಡುತ್ತಾರೆ. ಹಾಳೆ ತುಂಬುವುದು ಹತ್ತು ನಿಮಿಷದ ಕೆಲಸ. ನಮ್ಮ ಹೆಡ್ ವಾರ್ಡರರು ಕೂತರೆ ಒಂದೂವರೆ ತಾಸು.

ಎಲ್ಲಕ್ಕೂ ಕಾರಣ ಆ ಗುರುತಿನ ಚಿಹ್ನೆ. 'ಎಡಗೈ ಮೇಲೆ ಕಲೆ' ಎಂದು ಬರೆದು ಮುಗಿಸುವುದನ್ನು ಬಿಟ್ಟು "ಇದ್ ಹ್ಯಾಂಗ್ ಆದ್ದ್?" ಎಂದು ಶುರುಮಾಡುತ್ತಿದ್ದರು. ಬೆರಳು ಕಪ್ಪಾಗಿದ್ದರೆ ಗೇರುಬೀಜದ ಕಾರ್ಖಾನೆ, ಅಂಗೈಗೆ ಅಡ್ಡ ಗೀರಿದ್ದರೆ ಬಲೆಯ ಹಗ್ಗ. ವೃತ್ತಿ ಕೂಲಿ ಎಂದರೆ ಒಪ್ಪುವ ಆಸಾಮಿಯೇ ಅಲ್ಲ. ಎರಡು ಸಾಲಿನ ಜಾಗದಲ್ಲಿ ಹಿಡಿಸದೆ ಅಂಚಿನುದ್ದಕ್ಕೂ ಇರುವೆ ಸಾಲಿನ ಹಾಗೆ ಬರೆಯುವುದು ಅವರು, ಕಣ್ಣು ಕಿರಿದು ಮಾಡಿಕೊಂಡು ಅದರ ಪ್ರತಿ ಎತ್ತುವುದು ನಾನು! ಕೈದಿಯನ್ನು ಕರೆತಂದ ಪೊಲೀಸರು "ಹ್ವಾಯ್, ನಮ್ಗೆ ಬಸ್ ತಪ್ಪತ್ತ್" ಎಂದು ಗೋಗರೆಯುತ್ತಿದ್ದರು. "ಇನ್ನೊಂದ್ ಬಸ್ ಇತ್ತಲ್ದಾ, ಕೂಕಣಿ" ಎಂದು ಇವರ ಉತ್ತರ. ನಾನು ಹಲ್ಲು ಕಡಿದರೆ, "ಗಡಿಬಿಡಿ ಎಂತಕ್ ಮಾಣಿ?" ಎರಡು ಮಕ್ಕಳ ತಂದೆಯಾದ ನಾನು ಅವರಿಗೆ ಇನ್ನೂ ಮಾಣಿ.

ಅವರ ನಿವೃತ್ತಿಗೆ ಒಂದು ವರ್ಷವಿದ್ದಾಗ ಬಿಜೂರು ಕಡೆಯವನೊಬ್ಬ ಬಂದ. ಗದ್ದೆಯ ಗಡಿ ಜಗಳದಲ್ಲಿ ಅಣ್ಣನ ಮೇಲೆ ಕತ್ತಿ ಬೀಸಿದವನು. ಅಣ್ಣನ ಜೀವ ಉಳಿದಿತ್ತು. ಇವನು ಏನು ಕೇಳಿದರೂ ಬಾಯಿ ಬಿಡಲಿಲ್ಲ. ಪೊಲೀಸರ ಕಾಗದ ನೋಡಿ ನಾನು 'ವೃತ್ತಿ: ಕೂಲಿ. ಅಪಾಯಕಾರಿ, ಒಂಟಿ ಕೋಣೆ' ಎಂದು ಬರೆದು ಮುಂದಿಟ್ಟೆ. ಹೆಡ್ ವಾರ್ಡರರು ಅವನ ಮುಂಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಒಂದರ ಪಕ್ಕ ಒಂದು ಸುಟ್ಟ ಗೆರೆಗಳು.

"ಕಾವ್ಲಿ ತಾಗಿದ್ದಲ್ದಾ? ಎಷ್ಟ್ ವರ್ಷ?"

ಅವನು ಮೊದಲ ಸಲ ತಲೆ ಎತ್ತಿದ. "ಹನ್ನೆರ್ಡ್. ಬೊಂಬಾಯಿ ಹೋಟ್ಲಗೆ."

ನನ್ನ ಷರಾದ ಮೇಲೆ ಗೀಟು ಬಿತ್ತು. 'ಅಡುಗೆಯವನು. ಅಡುಗೆಮನೆಗೆ ಹಾಕಬಹುದು.' ಕತ್ತಿ ಬೀಸಿದವನ ಕೈಗೆ ಮತ್ತೆ ಕತ್ತಿ! "ಎಂತಾರೂ ಆರೆ ನಿಮ್ ಪಿಂಚಣಿ ಹೋಯ್ತ್, ನನ್ ಕೆಲ್ಸ ಹೋಯ್ತ್" ಎಂದು ಕೂಗಾಡಿದೆ. ಗದ್ದದ ಕಲೆ ಬೆಳ್ಳಗಾಯಿತು. ಅಂಚಿನಲ್ಲಿ 'ಜವಾಬ್ದಾರಿ ನನ್ನದು' ಎಂದು ಬರೆದು ರುಜು ಹಾಕಿದರು. ಜೈಲರ್ ಸಾಹೇಬರೂ ಗೊಣಗುತ್ತಲೇ ಒಪ್ಪಿದರು.

ಎಂಟು ತಿಂಗಳು ಅವನು ಸೌತೆಕಾಯಿ ಹೆಚ್ಚಿದ, ಗಂಜಿ ಬೇಯಿಸಿದ. ನಾನು ಎಂಟು ತಿಂಗಳು ದಿನಕ್ಕೆರಡು ಸಲ ಅಡುಗೆಮನೆಗೆ ಹೋಗಿ ಕತ್ತಿ ಎಣಿಸಿದೆ. ಇದ್ದದ್ದು ಎರಡು ಕತ್ತಿ. ಏನೂ ಆಗಲಿಲ್ಲ, ಅದೂ ನನಗೆ ಸಿಟ್ಟೇ. ಶಿಕ್ಷೆಯಾದ ಮೇಲೆ ಆ ಗೀಚಿದ ಹಾಳೆಯೊಂದಿಗೇ ಅವನು ದೊಡ್ಡ ಜೈಲಿಗೆ ಹೋದ. ಅಲ್ಲಿಯೂ ಅಡುಗೆಮನೆಯೇ ಸಿಕ್ಕಿತೆಂದು ಕೇಳಿದೆ.

ಹೆಡ್ ವಾರ್ಡರರು ತೀರಿಕೊಂಡದ್ದು ಅದಾಗಿ ಸುಮಾರು ವರ್ಷಗಳ ಮೇಲೆ. ಕುಂಭಾಶಿಯ ಅವರ ಮನೆಗೆ ಉತ್ತರಕ್ರಿಯೆಯ ಊಟಕ್ಕೆ ಹೋದರೆ, ಒಲೆಯ ಮುಂದೆ ಆ ಬಿಜೂರಿನವನೇ! ಈಗ ನಾಲ್ಕು ಜನರನ್ನು ಕಟ್ಟಿಕೊಂಡು ಸಮಾರಂಭಗಳ ಅಡುಗೆ ಮಾಡುತ್ತಾನಂತೆ. ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ನಿಂತ. ಹಾರ ಹಾಕಿದ ಫೋಟೋದಲ್ಲೂ ಗದ್ದದ ಕಲೆ ಕಾಣುತ್ತಿತ್ತು.

"ಅದ್ ಅವ್ರ್ ಅಣ್ಣ ಕಾಯಿ ಹೆರೂ ಹೆರಮಣೆ ಬೀಸಿದ್ದಂಬ್ರ್" ಎಂದ. "ಅಪ್ಪಯ್ಯ ಪೊಲೀಸ್ರಿಗೆ ಹೇಳ್ಲಿಲ್ಲ, ಹಾಂಗಾಯಿ ಅಣ್ಣ ಜೈಲಿಗ್ ಹೋಯ್ಲಿಲ್ಲ ಅಂದಿದ್ರ್."

"ನಿಂಗೆ ಯಾವಾಗ್ ಹೇಳ್ರ್?"

"ಬಂದ್ ದಿನವೇ. ಅಡ್ಗಿಮನಿಗ್ ಕರ್ಕಂಡ್ ಹೋಪತಿಗೆ ನಾನೇ ಕೇಂಡೆ. ಅವ್ರ್ ನನ್ ಕೈ ಕಲೆ ಬಗ್ಗೆ ಕೇಂಡ್ರಲೆ."

ಏಳೆಂಟು ವರ್ಷ ಆ ಗದ್ದದೆದುರು ಕೂತು ಹಲ್ಲು ಕಡಿದವನು ನಾನು. ಬಂದ ದಿನವೇ ಅದರ ಬಗ್ಗೆ ಕೇಳಿದವನು, ನಾನು ಅಪಾಯಕಾರಿ ಎಂದು ಬರೆದ ಮನುಷ್ಯ.