ಇಂಗ್ಲಿಷ್ ಕ್ರಿಯಾಪದದ ಬಾಲ ಹಿಡಿದು

ಮೆಟ್ರೋದಲ್ಲಿ ಪಕ್ಕದ ಸೀಟಿನವರು ಫೋನಿಗೆ ‘ಲೆಟ್ ಅಸ್ ಡಿಸ್ಕಸ್ ಅಬೌಟ್ ಇಟ್’ ಎಂದೊಡನೆ ನನ್ನ ಬಲಗೈ ತಾನಾಗಿಯೇ ಕೈಚೀಲದೊಳಗಿಳಿದು ಕೆಂಪು ಪೆನ್ನನ್ನು ತಡಕುತ್ತದೆ. ಇದೊಂದು ಕಾಯಿಲೆಯೆಂದು ಮನೆಯವರ ಅಭಿಪ್ರಾಯ. ಕಾಯಿಲೆಯೇ ಇರಲಿ, ವಾಸಿಮಾಡಿಕೊಳ್ಳುವ ಉದ್ದೇಶ ನನಗಿಲ್ಲ. ‘ಡಿಸ್ಕಸ್’ ಎಂಬ ಕ್ರಿಯಾಪದದ ಹೊಟ್ಟೆಯೊಳಗೇ ‘ಅಬೌಟ್’ ಕುಳಿತಿದೆ. ಹೊಟ್ಟೆಯಲ್ಲಿರುವುದನ್ನೇ ತಂದು ಬಾಲವಾಗಿಯೂ ಅಂಟಿಸಬೇಡಿರೆಂದು ದಾಸರಹಳ್ಳಿಯ ಹೈಸ್ಕೂಲೊಂದರಲ್ಲಿ ಅರ್ಧ ಆಯುಸ್ಸು ಬೋಧಿಸಿದವಳು ನಾನು. ಹಾಗೆ ಬೋಧಿಸಿಕೊಂಡವರಲ್ಲಿ ಬಹುಪಾಲು ಮಂದಿ ಇದೇ ಮೆಟ್ರೋದಲ್ಲಿ ‘ಡಿಸ್ಕಸ್ ಅಬೌಟ್’ ಮಾಡುತ್ತಲೇ ವೈಟ್‌ಫೀಲ್ಡಿಗೆ ಹೋಗುತ್ತಿರಬಹುದೆಂಬ ಗುಮಾನಿ ನನಗುಂಟು.

ನಾನೂ ಅಲ್ಲಿಗೇ ಹೋಗುತ್ತೇನೆ. ಮಕ್ಕಳ ಸಂಖ್ಯೆ ಕರಗುತ್ತ ಬಂದು ಶಾಲೆ ಬಾಗಿಲು ಹಾಕಿದ ಮೇಲೆ, ಅಲ್ಲಿನ ಕಂಪನಿಯೊಂದರಲ್ಲಿ ಒಪ್ಪಂದದ ಕೆಲಸಕ್ಕೆ ಸೇರಿದೆ. ಹೊರದೇಶದ ಅಡುಗೆಮನೆಗಳಲ್ಲಿ ಕೆಡುವ ಓವನ್ನುಗಳಿಗೆ ಈ ಕಂಪನಿಯ ಹುಡುಗ ಹುಡುಗಿಯರು ಫೋನಿನಲ್ಲಿ ಚಿಕಿತ್ಸೆ ಮಾಡುತ್ತಾರೆ. ಧ್ವನಿಮುದ್ರಣಗೊಂಡ ಆ ಸಂಭಾಷಣೆಗಳನ್ನು ಕೇಳಿ, ಇಂಗ್ಲಿಷಿನ ತಪ್ಪುಗಳನ್ನು ಗುರುತಿಸಿ ಅಂಕ ಹಾಕುವುದು ನನ್ನ ಕರ್ತವ್ಯ. ತಪ್ಪು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆಂದು ತಿಳಿದ ದಿನ ನನಗಾದ ಸಂತೋಷವನ್ನು ಇಲ್ಲಿ ವರ್ಣಿಸಿದರೆ ನೀವು ನನ್ನನ್ನು ಕೆಟ್ಟವಳೆಂದು ತಿಳಿಯುವಿರಿ.

ಇಂಗ್ಲಿಷ್ ಕ್ರಿಯಾಪದ ಬಲು ವಿಚಿತ್ರ ಪ್ರಾಣಿ. ಮುಖ ಒಂದೇ, ಬಾಲ ಬದಲಾದರೆ ಜಾತಿಯೇ ಬದಲಾಗುತ್ತದೆ. ‘ಲುಕ್’ ಎಂದರೆ ನೋಡು, ಸರಿ. ಅದಕ್ಕೆ ‘ಆಫ್ಟರ್’ ಸೇರಿಸಿದರೆ ಆರೈಕೆ, ‘ಅಪ್ ಟು’ ಸೇರಿಸಿದರೆ ಗೌರವ, ‘ಡೌನ್ ಆನ್’ ಸೇರಿಸಿದರೆ ತಾತ್ಸಾರ. ‘ಇಂಟು’ ಸೇರಿಸಿದರೆ ವಿಚಾರಣೆ ಎಂದು ನಿಘಂಟು ಹೇಳುತ್ತದೆ. ನಮ್ಮ ಕಚೇರಿಯಲ್ಲಿ ‘ವಿ ವಿಲ್ ಲುಕ್ ಇಂಟು ಇಟ್’ ಎಂದರೆ ಇನ್ನು ಯಾರೂ ಅತ್ತ ಕಣ್ಣು ಹಾಯಿಸುವುದಿಲ್ಲವೆಂದು ಅರ್ಥ. ಯಾವ ಕ್ರಿಯಾಪದ ಯಾವ ಬಾಲವನ್ನು ಏಕೆ ಕಟ್ಟಿಕೊಂಡಿತೆಂದು ಕೇಳಿದರೆ ಉತ್ತರವಿಲ್ಲ. ಹಳೆಯ ದಾಂಪತ್ಯಗಳ ಹಾಗೆ. ಹೊಂದಿಕೊಂಡಿದ್ದಾರೆ, ನಾವು ಒಪ್ಪಿಕೊಳ್ಳಬೇಕು, ಅಷ್ಟೆ.

ನಮ್ಮವರ ಕಷ್ಟವಿರುವುದು ಇನ್ನೊಂದು ಕಡೆ. ನಮಗೆ ಕೋಪ ಬರುವುದು ಒಬ್ಬರ ಮೇಲೆ, ಆದ್ದರಿಂದ ‘ಆಂಗ್ರಿ ಆನ್ ಮಿ’. ನಮ್ಮ ಮದುವೆ ಒಬ್ಬರ ಜೊತೆ, ಆದ್ದರಿಂದ ‘ಮ್ಯಾರೀಡ್ ವಿತ್’. ಇಂಗ್ಲಿಷಿನವರು ಮಾತ್ರ ‘ಮ್ಯಾರೀಡ್ ಟು’ ಎಂದು ಒಬ್ಬರಿಗೆ ಮದುವೆಯಾಗುತ್ತಾರೆ. ಜೊತೆ ಎನ್ನುವುದೇ ಹೆಚ್ಚು ಮರ್ಯಾದೆಯ ಮಾತೆಂದು ನನ್ನ ಒಳಮನಸ್ಸು ಹೇಳುತ್ತದೆ. ಆದರೂ ಅಂಕ ಕಳೆಯುತ್ತೇನೆ. ನಿಯಮವೆಂದರೆ ನಿಯಮ.

ಈ ಪೀಠಿಕೆಯೆಲ್ಲ ಈರಣ್ಣನ ಸಲುವಾಗಿ. ಈರಣ್ಣ ವಿಜಯಪುರದ ಕಡೆಯ ಯುವಕ. ಮೊದಲು ಪೀಣ್ಯದ ಕಾರ್ಖಾನೆಯಲ್ಲಿದ್ದು, ಸಂಜೆ ತರಗತಿಗಳಲ್ಲಿ ಇಂಗ್ಲಿಷ್ ಕಲಿತು ನಮ್ಮ ಕಂಪನಿಯ ಫೋನಿನ ಮುಂದೆ ಬಂದು ಕುಳಿತವನು. ಅವನ ಇಂಗ್ಲಿಷಿನಲ್ಲಿ ಪ್ರತಿಯೊಂದು ಕ್ರಿಯಾಪದಕ್ಕೂ ಬಾಲವಿರುತ್ತದೆ, ಅದು ಬೇರೆ ಯಾವುದೋ ಪ್ರಾಣಿಯದಾಗಿರುತ್ತದೆ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನೆದುರು ತಟ್ಟೆ ಇಟ್ಟುಕೊಂಡು ಕೂತ.

“ಮೇಡಂ, ಈ ಸರ್ತಿ ಮಾರ್ಕ್ಸ್ ಬೀಳಲಿಲ್ಲಂದ್ರ ನನ್ನ ಫೋನಿನಿಂದ ಎಬ್ಬಸ್ತಾರಂತ್ರಿ.”

“ಎಬ್ಬಿಸಿ ಎಲ್ಲಿ ಕೂರಿಸುತ್ತಾರೆ?”

“ಎಲ್ಲೂ ಕುಂದ್ರಸೂದಿಲ್ರಿ. ಮನೀಗೆ ಕಳಸ್ತಾರ. ನೀವು ಒಂದೀಟು ಕಣ್ಣು ಮುಚ್ಚಿದ್ರ ಏನಾಗ್ತದ್ರಿ?”

“ನಾನು ಕೇಳುವುದು ಕಿವಿಯಿಂದ, ಈರಣ್ಣ.”

“ಹಂಗಾದ್ರ ಕಿವ್ಯಾಗ ಅಳ್ಳಿ ಇಟ್ಕೋರಿ,” ಎಂದು ಹತ್ತಿ ತುರುಕುವ ಅಭಿನಯ ಮಾಡಿ ನಕ್ಕು, ನನ್ನ ತಟ್ಟೆಯ ಉಪ್ಪಿನಕಾಯಿಯನ್ನು ಕೇಳದೆಯೇ ತೆಗೆದುಕೊಂಡ. ನಕ್ಕನೇ ಹೊರತು ಊಟ ಮಾಡಲಿಲ್ಲ.

ಆಗಲೇ ನನಗೆ ಹೊಳೆದದ್ದು: ಇಷ್ಟು ತಿಂಗಳು ಅವನ ಮಾತನ್ನು ತಿದ್ದಿದ್ದೇನೆ, ಆದರೆ ನಾನು ತಿದ್ದಿದ್ದನ್ನು ಅವನು ಒಮ್ಮೆಯೂ ನೋಡಿಲ್ಲ. ನಮ್ಮ ಕಂಪನಿಯ ಪದ್ಧತಿ ಹಾಗಿದೆ. ನಾನು ಹಾಕಿದ ಗುರುತುಗಳು ಕಂಪ್ಯೂಟರಿನ ಮೂಲಕ ಮೇಲಕ್ಕೆ ಹೋಗುತ್ತವೆ. ಅಲ್ಲಿಂದ ಒಂದು ಅಂಕ ಮಾತ್ರ ಕೆಳಕ್ಕೆ ಬರುತ್ತದೆ. ತಪ್ಪು ಮಾಡಿದವನಿಗೆ ತಪ್ಪು ಯಾವುದೆಂದು ಗೊತ್ತಾಗುವುದಿಲ್ಲ, ತಪ್ಪಿಗೆ ಏನಾಗುತ್ತದೆಂಬುದಷ್ಟೇ ಗೊತ್ತಾಗುತ್ತದೆ. ಶಾಲೆಯಲ್ಲಿ ಕೆಂಪು ಶಾಯಿ ಬಿದ್ದ ಪುಸ್ತಕ ಮಾರನೆಯ ದಿನ ಮಗುವಿನ ಕೈಯಲ್ಲಿರುತ್ತಿತ್ತು. ಮಗು ಮುಖ ಊದಿಸಿಕೊಂಡು ಮತ್ತೆ ಬರೆಯುತ್ತಿತ್ತು. ಮತ್ತೆ ಬರೆಯುತ್ತದೆಂಬ ನಂಬಿಕೆಯಿಂದಲ್ಲವೇ ನಾವು ತಿದ್ದುತ್ತಿದ್ದುದು?

ಮರುದಿನ ಈರಣ್ಣನ ನಿರ್ಣಾಯಕ ಕರೆ ನನ್ನ ಕಿವಿಗೆ ಬಂತು. ಒಬ್ಬ ವೃದ್ಧೆ; ಓವನ್ನಿನ ಬಾಗಿಲಿಗೆ ಬೀಗ ಬಿದ್ದಿದೆ, ಒಳಗೆ ಮೊಮ್ಮಗಳ ಹುಟ್ಟುಹಬ್ಬದ ಕೇಕು ಕರಿಯಾಗುತ್ತಿದೆ, ಆಕೆಯ ಧ್ವನಿ ನಡುಗುತ್ತಿದೆ. ಈರಣ್ಣ ಆರಂಭಿಸಿದ: “ಮೇಡಂ, ಡೋಂಟ್ ಫಿಯರ್ ಫಾರ್ ಎನಿಥಿಂಗ್. ಐ ವಿಲ್ ಎಕ್ಸ್‌ಪ್ಲೇನ್ ಯು ಅಬೌಟ್ ದಿ ಡೋರ್.” ನನ್ನ ಪೆನ್ನು ಬಿಡುವಿಲ್ಲದೆ ಓಡಿತು. ಬಾಗಿಲು ತೆರೆದುಕೊಂಡ ಸದ್ದು ಕೇಳಿದಾಗ ವೃದ್ಧೆಯೂ ನಕ್ಕರು, ಈರಣ್ಣನೂ ನಕ್ಕ. ನಾನು ಮಾತ್ರ ಗುರುತು ಹಾಕುತ್ತಿದ್ದೆ. ಹಾಕುತ್ತ ಹಾಕುತ್ತ, ಇದು ಹಳೆಯ ನಿಷ್ಠೆಯ ಫಲ, ಆ ವೃದ್ಧೆಯ ಮಾತಿಗೂ ಒಂದು ಗುರುತು ಬಿತ್ತು. ಹಳೆಯ ಓವನ್ನಿಗಿಂತ ಇದು ಬೇರೆ ಎನ್ನುವಾಗ ‘ಡಿಫರೆಂಟ್ ದ್ಯಾನ್’ ಎಂದಿದ್ದರು; ನಾನು ಕಲಿಸಿದ್ದು ‘ಫ್ರಮ್’. ಹಿಂದಿನ ದಿನ ಇನ್ನೊಂದು ದೇಶದ ಗ್ರಾಹಕರು ‘ಡಿಫರೆಂಟ್ ಟು’ ಎಂದಿದ್ದರು. ಎಲ್ಲರದೂ ಇಂಗ್ಲಿಷ್ ತಾಯ್ನುಡಿಯೇ. ಅವರ ಬಾಲ ಅತ್ತಿತ್ತ ಸರಿದರೆ ಬಳಕೆ, ಈರಣ್ಣನ ಬಾಲ ಸರಿದರೆ ದೋಷ.

ಇಲ್ಲಿ ನಮ್ಮ ಹಳೆಯ ಕನ್ನಡ ವ್ಯಾಕರಣ ನೆನಪಿಗೆ ಬಂತು. ಹೆದರಿಕೆ ಹುಟ್ಟುವುದು ಹಾವಿನಿಂದ. ಲೆಕ್ಕದ ಪ್ರಕಾರ ಅಲ್ಲಿ ಪಂಚಮಿ ವಿಭಕ್ತಿ ಇರಬೇಕು. ನಾವು ಹೆದರುವುದಾದರೋ ಹಾವಿಗೆ, ಚತುರ್ಥಿಯಲ್ಲಿ. ಇಂಥ ಕಡೆ ನಮ್ಮ ವೈಯಾಕರಣರು ಜನರ ಬಾಯಿಗೆ ಬೀಗ ಹಾಕಲು ಹೋಗಲಿಲ್ಲ. ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬಂದು ಕುಳಿತಿದೆಯಲ್ಲ ಎಂದು ನೋಡಿ, ಅದಕ್ಕೆ ‘ವಿಭಕ್ತಿ ಪಲ್ಲಟ’ವೆಂಬ ಗಂಭೀರವಾದ ಹೆಸರಿಟ್ಟು, ಒಂದು ಸೂತ್ರದ ಚಾಪೆ ಹಾಸಿ ಕೂರಿಸಿದರು. ಪಲ್ಲಟವೆಂದರು, ಪ್ರಮಾದವೆನ್ನಲಿಲ್ಲ. ಈರಣ್ಣನ ‘ಫಿಯರ್ ಫಾರ್’ ಎಲ್ಲಿಂದ ಬಂತೆಂದು ಈಗ ಹೇಳಬೇಕೆ? ‘ಯಾವುದಕ್ಕೂ ಹೆದರಬೇಡಿ’ ಎಂಬ ನಮ್ಮ ಚತುರ್ಥಿಯೇ ಸಮುದ್ರ ದಾಟಿ ಆ ಅಡುಗೆಮನೆಗೆ ಹೋಗಿತ್ತು.

ಹಾಗೆಂದು ನಾನು ಒಂದು ತಪ್ಪನ್ನೂ ಬಿಡಲಿಲ್ಲ. ಎಲ್ಲವನ್ನೂ ಗುರುತಿಸಿದೆ, ಪ್ರತಿಯೊಂದರ ಪಕ್ಕದಲ್ಲೂ ಸರಿಯಾದ ರೂಪ ಬರೆದೆ. ಆದರೆ ಕಂಪ್ಯೂಟರಿಗೆ ಅಂಕ ತುಂಬಲಿಲ್ಲ. ಗುರುತು ಹಾಕಿದ ಹಾಳೆಯನ್ನು ಒಯ್ದು ಈರಣ್ಣನ ಮೇಜಿನ ಮೇಲಿಟ್ಟು, “ಓದಿಕೋ. ಮುಂದಿನ ಕರೆಗಳಲ್ಲಿ ತಿದ್ದಿಕೊಂಡು ಮಾತನಾಡು. ಆಮೇಲೆ ಅಂಕ,” ಎಂದೆ.

ಸಂಜೆಯೊಳಗೆ ಮ್ಯಾನೇಜರ್ ನವೀನ್ ಕರೆಸಿದರು. ಒಳ್ಳೆಯ ಮನುಷ್ಯ, ಕುರ್ಚಿ ತೋರಿಸದೆ ಮಾತು ತೆಗೆಯುವವರಲ್ಲ.

“ಮೇಡಂ, ಈರಣ್ಣನ ಸ್ಕೋರ್ ಖಾಲಿ ಇದೆಯಲ್ಲ?”

“ಇನ್ನೂ ಹಾಕಿಲ್ಲ. ಅವನು ಮತ್ತೆ ಬರೆಯಬೇಕು.”

“ಬರೆಯೋದಾ? ಮೇಡಂ, ಇದು ಸ್ಕೂಲ್ ಅಲ್ಲ ಕಣ್ರೀ. ಪ್ರೊಸೆಸ್ ಅಂತ ಒಂದಿದೆ.”

“ತಪ್ಪನ್ನು ತೋರಿಸದೆ ಶಿಕ್ಷೆಯನ್ನು ಮಾತ್ರ ತಿಳಿಸುವ ಪ್ರೊಸೆಸ್ಸಿಗೆ ನಾನು ಅಂಕ ಕೊಡುವುದಿಲ್ಲ. ನನ್ನ ಪೆನ್ನಿರುವುದು ತಿದ್ದುವುದಕ್ಕೆ, ತೆಗೆದುಹಾಕುವುದಕ್ಕಲ್ಲ.”

ನವೀನ್ ಕನ್ನಡಕ ತೆಗೆದು ಒರೆಸಿದರು. “ನಿಮ್ಮ ಕಾಂಟ್ರಾಕ್ಟೂ ಮುಂದಿನ ತಿಂಗಳು ರಿನ್ಯೂವಲ್‌ಗೆ ಬರತ್ತೆ. ನಾನು ಹೆದರಿಸ್ತಾ ಇಲ್ಲ, ಸುಮ್ನೆ ಹೇಳ್ತಾ ಇದೀನಿ.”

“ನಾನೂ ಹೆದರುತ್ತಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ.”

ಅವರು ಕನ್ನಡಕವನ್ನು ಮತ್ತೆ ಏರಿಸಿಕೊಂಡು, “ಒಂದು ತಿಂಗಳು. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ನನ್ನ ಕೈಲಿ ಇಲ್ಲ. ಅವನದೂ, ನಿಮ್ಮದೂ,” ಎಂದರು. ಬಾಗಿಲು ದಾಟುವಾಗ ಹಿಂದಿನಿಂದ, “ಇದರ ಬಗ್ಗೆ ಮೇಲಿನವರ ಹತ್ರ ಡಿಸ್ಕಸ್ ಮಾಡ್ತೀನಿ,” ಎಂದದ್ದು ಕೇಳಿತು. ಕನ್ನಡದಲ್ಲಿ ‘ಬಗ್ಗೆ’ ಇದ್ದರೆ ತಪ್ಪಿಲ್ಲ. ಪೆನ್ನು ತಡಕದೆ ಹೊರಬಂದೆ.

ಆ ತಿಂಗಳಿಡೀ ಚಹಾದ ಹೊತ್ತೆಲ್ಲ ಪಾಠದ ಹೊತ್ತಾಯಿತು. ಈರಣ್ಣ ಸುಲಭಕ್ಕೆ ಸೋಲುವ ಶಿಷ್ಯನಲ್ಲ.

“ಎಕ್ಸ್‌ಪ್ಲೇನ್ ಟು ಯು ಅನ್ಬೇಕು, ಆದ್ರ ಟೆಲ್ ಟು ಯು ಅನ್ಬಾರ್ದು. ಇದ್ಯಾವ ನ್ಯಾಯ್ರಿ ಮೇಡಂ?”

“ನ್ಯಾಯವಲ್ಲ, ರೂಢಿ.”

“ರೂಢಿ ಯಾರ ಮಾಡಿದ್ದ್ರಿ?”

“ಆಡುವವರು.”

“ನಾವೂ ದಿನಾ ಎಂಟು ತಾಸು ಆಡ್ತೀವಲ್ರಿ.”

ಚಹಾ ಆರುತ್ತಿದೆ ಎಂದೆ. ಮೇಷ್ಟರಾದವರಿಗೆ ಇಂಥ ಸಂದರ್ಭಗಳಲ್ಲಿ ಚಹಾ ಯಾವಾಗಲೂ ಆರುತ್ತಿರುತ್ತದೆ. ಪಕ್ಕದ ಮೇಜಿನ ಹುಡುಗಿಯರೂ ಒಬ್ಬೊಬ್ಬರಾಗಿ ತಮ್ಮ ಲೋಟ ಹಿಡಿದು ಇತ್ತ ಸರಿದರು. ತಮ್ಮ ಹಾಳೆಯನ್ನೂ ಕೊಡಿರೆಂದರು. ಕೊಟ್ಟೆ. ಹಾಗೆ ಕೊಡುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ.

ತಿಂಗಳ ಕೊನೆಗೆ ಈರಣ್ಣನ ಕರೆಯನ್ನು ಕೇಳಲು ನವೀನರೂ ನನ್ನ ಪಕ್ಕ ಬಂದು ಕುಳಿತರು. ಓವನ್ನು ಹೊಗೆಯಾಡುತ್ತಿದೆಯೆಂದು ಗಂಡಸೊಬ್ಬರು ಕಿರುಚುತ್ತಿದ್ದರು. ಈರಣ್ಣ ‘ಎಕ್ಸ್‌ಪ್ಲೇನ್ ಟು ಯು’ ಎಂದ. ನನ್ನ ಎದೆ ಉಬ್ಬಿತು. ‘ಟರ್ನ್ ಇಟ್ ಆಫ್’ ಎಂದ. ಬಾಲಗಳೆಲ್ಲ ತಂತಮ್ಮ ಪ್ರಾಣಿಗಳಿಗೆ ಮರಳಿದ್ದವು. ಅಷ್ಟರಲ್ಲಿ ಆ ಮನುಷ್ಯರ ದನಿ ಒಡೆದು ಅಳುವಿನ ಅಂಚಿಗೆ ಬಂತು. ಈರಣ್ಣ ಕಲಿತದ್ದನ್ನೆಲ್ಲ ಒಂದು ಕ್ಷಣ ಪಕ್ಕಕ್ಕಿಟ್ಟ: “ಸರ್, ಡೋಂಟ್ ಫಿಯರ್ ಫಾರ್ ಎನಿಥಿಂಗ್. ಐ ಆಮ್ ಆನ್ ದಿ ಲೈನ್.” ಆಚೆ ಕಡೆ ಉಸಿರು ನಿಧಾನವಾಯಿತು. ಆಮೇಲೆ, ಗುಂಡಿ ಒತ್ತಿದೆ, ಹೊಗೆ ನಿಂತಿತು ಎಂಬ ಮಾತು ಕೇಳಿಸಿತು.

ಉಳಿದದ್ದಕ್ಕೆಲ್ಲ ಅಂಕ ತುಂಬಿದೆ. ಫೋನಿನ ಮುಂದೆ ಈರಣ್ಣನ ಕುರ್ಚಿ ಉಳಿಯಲು ಅದು ಸಾಕಾಗುತ್ತಿತ್ತು, ಆ ಒಂದು ವಾಕ್ಯ ಅಡ್ಡ ಬರದಿದ್ದರೆ. ನವೀನ್ ಅದರ ಮೇಲೆ ಬೆರಳಿಟ್ಟರು.

“ಇದು ಮಿಸ್ಟೇಕ್ ಅಲ್ವಾ ಮೇಡಂ?”

ತಿಂಗಳ ಹಿಂದೆ ಇದೇ ವಾಕ್ಯಕ್ಕೆ ನಾನೇ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಸರಿಯಾದ ರೂಪ ಬರೆದಿದ್ದೆ. ಈ ಸಲವೂ ಪೆನ್ನು ಕೈಯಲ್ಲೇ ಇತ್ತು. ನಾನು ಅದರ ಮುಚ್ಚಳ ಹಾಕಿದೆ.

“ಅಲ್ಲ,” ಎಂದೆ, “ಅದು ಪಲ್ಲಟ.”

“ಹಾಗಂದ್ರೆ?”

“ನಮ್ಮ ವ್ಯಾಕರಣದಲ್ಲಿದೆ. ಅದಕ್ಕೆ ಅಂಕ ಕಳೆಯುವಂತಿಲ್ಲ.”

ನವೀನ್ ನನ್ನ ಮುಖ ನೋಡಿದರು, ಗಡಿಯಾರ ನೋಡಿದರು, ಅಂಕ ಕಳೆಯದೆ ‘ಮುಂದೆ’ ಎಂಬ ಗುಂಡಿ ಒತ್ತಿದರು. ಗಾಜಿನ ಗೋಡೆಯಾಚೆ ಈರಣ್ಣ ಕಿವಿಗೆ ಫೋನಿನ ಕಪ್ಪು ಚಿಪ್ಪು ಸಿಕ್ಕಿಸಿಕೊಂಡು ಇನ್ನಾರದೋ ಭಯ ಬಿಡಿಸುತ್ತಿದ್ದ. ನನ್ನ ಒಪ್ಪಂದದ ವಿಷಯ ಇನ್ನೂ ಮೇಲೆಯೇ ಇದೆ. ಅವರು ಅದನ್ನು ‘ಲುಕ್ ಇಂಟು’ ಮಾಡುತ್ತಿದ್ದಾರಂತೆ. ಮಾಡಲಿ. ನಾನಂತೂ ಯಾರಿಗೂ ಹೆದರುವವಳಲ್ಲ, ಚತುರ್ಥಿಯಲ್ಲೂ, ಪಂಚಮಿಯಲ್ಲೂ.