ಹೆಂಡತಿಯ ಡಬ್ಬದಲ್ಲಿ ಇಲ್ಲದ ಮಾತ್ರೆ

ಆಗ ನನಗೆ ಐವತ್ತೊಂದು. ಇದು ನಡೆದು ಇಪ್ಪತ್ತೆರಡು ವರ್ಷವಾಯಿತು. ಜಯನಗರದ ಒಂದು ನರ್ಸಿಂಗ್ ಹೋಂನಲ್ಲಿ ಆಯಾ ಆಗಿದ್ದೆ. ಓದಿದ್ದು ಎರಡನೇ ಕ್ಲಾಸು. ಬೆಡ್‌ಪ್ಯಾನ್ ಇಡುವುದು, ರೋಗಿಯ ಬಟ್ಟೆ ಬದಲಿಸುವುದು, ನೆಲ ಒರೆಸುವುದು ಕೆಲಸ.

ಒಂದು ಭಾನುವಾರ ಮಧ್ಯಾಹ್ನ ಬನಶಂಕರಿಯಿಂದ ಒಬ್ಬ ರಿಟೈರ್ಡ್ ಮೇಷ್ಟ್ರನ್ನು ಅವರ ಹೆಂಡತಿ ಆಟೋದಲ್ಲಿ ಕರೆತಂದರು. ಎದೆನೋವು, ಬೆವರು. ಎದೆನೋವಿಗೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಮಾತ್ರೆ ಇಡುವುದು ರೂಢಿ. ಡ್ಯೂಟಿ ಡಾಕ್ಟರಮ್ಮ ಅದನ್ನು ಕೈಗೆತ್ತಿಕೊಂಡು, "ಬೇರೆ ಏನಾದ್ರೂ ಮಾತ್ರೆ ತಗೊಂಡಿದೀರಾ ಸಾರ್?" ಎಂದರು.

"ಬಿ.ಪಿ. ಮಾತ್ರೆ ಒಂದೇ. ಡಬ್ಬ ನನ್ನ ಹತ್ರಾನೇ ಇರುತ್ತೆ," ಎಂದರು ಹೆಂಡತಿ.

ನಮ್ಮಲ್ಲಿ ಗಂಡನ ಕಾಯಿಲೆಗೆ ಹೆಂಡತಿಯೇ ಉತ್ತರ ಕೊಡುವುದು. ಮೇಷ್ಟ್ರು ಫ್ಯಾನು ನೋಡುತ್ತಿದ್ದರು.

ಅಂಗಿ ಬಿಚ್ಚುತ್ತಿದ್ದ ನಾನು ಅವರ ಮುಖ ನೋಡಿದೆ. ಎದೆನೋವಿನವರ ಮುಖ ಬಿಳಿಚಿಕೊಳ್ಳುತ್ತದೆ. ಇವರದು ಕಿವಿಯವರೆಗೆ ಕೆಂಪು. ಗಂಡಸರು ಹಾಸಿಗೆಗೆ ಮುಂಚೆ ನುಂಗುವ ನೀಲಿ ಮಾತ್ರೆ ಆಗ ಮೆಡಿಕಲ್ ಶಾಪುಗಳಿಗೆ ಹೊಸದು. ಅದನ್ನು ನುಂಗಿ ಹೀಗೆ ಕೆಂಪಾಗಿ, ತಲೆನೋವೆಂದು ಬಂದ ಇಬ್ಬರನ್ನು ನೋಡಿದ್ದೆ. ಅದರ ಮೇಲೆ ಸಾರ್ಬಿಟ್ರೇಟ್ ಕೂಡದೆಂದು ದೊಡ್ಡ ಡಾಕ್ಟರು ನರ್ಸುಗಳಿಗೆ ಹೇಳಿದ್ದನ್ನು ನೆಲ ಒರೆಸುತ್ತಾ ಕೇಳಿದ್ದೆ.

"ಒಂದ್ ನಿಮಿಷ ತಡೀರಿ ಡಾಕ್ಟ್ರೇ," ಎಂದೆ. "ಅಮ್ಮಾ, ನೀವು ಆಚೆ ಹೋಗಿ ಹೆಸರು ಬರೆಸಿ."

ಪರದೆ ಎಳೆದು ಬಗ್ಗಿದೆ. "ನೀಲಿ ಮಾತ್ರೆ ನುಂಗಿದೀರಾ?"

ಮೇಷ್ಟ್ರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

"ನಾಚಿಕೆ ಆಮೇಲೆ ಪಡಿ ಸಾರ್, ಬದುಕಿದ್ರೆ."

"ಊಟ ಆದ್ಮೇಲೆ ಒಂದು," ಎಂದರು. "ಅವಳಿಗೆ ಹೇಳ್ಬೇಡಮ್ಮ."

ಸಾರ್ಬಿಟ್ರೇಟ್ ಟ್ರೇಗೆ ವಾಪಸ್ಸು ಹೋಯಿತು. ಡಾಕ್ಟರಮ್ಮ ಬೇರೆ ಔಷಧಿ ಕೊಟ್ಟು, ಇ.ಸಿ.ಜಿ. ತೆಗೆದು, ನುಂಗಿದ ಮಾತ್ರೆಯ ಹೆಸರನ್ನೂ ಚೀಟಿಯಲ್ಲಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮೇಷ್ಟ್ರು ಬದುಕಿಕೊಂಡರು.

ಆಂಬುಲೆನ್ಸ್ ಹತ್ತುವಾಗ ಹೆಂಡತಿ, "ಅಷ್ಟೊತ್ತು ಏನ್ ಕೇಳ್ದೆ ಅವರನ್ನ?" ಎಂದರು.

"ಮೋಷನ್ ಆಯ್ತಾ ಅಂತ," ಎಂದೆ.

ಸಂಜೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಆ ಮಾತ್ರೆ ರಕ್ತನಾಳವನ್ನು ಸಡಿಲ ಮಾಡುತ್ತದೆ, ರಕ್ತ ಹೆಚ್ಚು ಹರಿಯುತ್ತದೆ. ಆದರೆ ಬೇಕಾದ ಒಂದು ಜಾಗದಲ್ಲಿ ಮಾತ್ರವಲ್ಲ, ಮುಖ ತಲೆ ಎಲ್ಲ ಕಡೆ. ಸಾರ್ಬಿಟ್ರೇಟೂ ನಾಳ ಸಡಿಲಿಸುವುದೇ. "ಎರಡೂ ಸೇರಿದ್ರೆ ಬಿ.ಪಿ. ಕುಸಿದುಬಿಡುತ್ತೆ. ಪೈಪೆಲ್ಲ ಅಗಲ ಆಗಿ ಟ್ಯಾಂಕಲ್ಲಿ ಅಷ್ಟೇ ನೀರಿದ್ರೆ ಮೇಲಿನ ಮನೆ ನಲ್ಲೀಲಿ ಬರುತ್ತಾ? ಹೃದಯಕ್ಕೂ ಮೆದುಳಿಗೂ ರಕ್ತ ಸಾಲಲ್ಲ."

ಹೆಂಡತಿಯ ಎದುರು ಕೇಳಿದ ಪ್ರಶ್ನೆ ಲೆಕ್ಕಕ್ಕಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು.

ಮರುದಿನ ಬೆಳಿಗ್ಗೆ ಎಪ್ಪತ್ತು ದಾಟಿದ ಒಬ್ಬರು ಎದೆ ಹಿಡಿದುಕೊಂಡು ಬಂದರು, ಹಿಂದೆ ಮಗಳು, ಅಳಿಯ. ಇಬ್ಬರನ್ನೂ ಆಚೆ ಕಳಿಸಿ ಪರದೆ ಎಳೆದು ಕೇಳಿದೆ.

"ನಾಚಿಕೆ ಆಗಲ್ವೇನಮ್ಮ ನಿನಗೆ?" ಎಂದರು.

"ಇಲ್ಲ ಸಾರ್. ನುಂಗಿದೀರಾ?" ಎಂದೆ.